ಬಿ.ಜಿ.ಎಲ್. ಸ್ವಾಮಿ: ಅಂಗಾಂಶದ ಚಿತ್ರ ಓದಿದ ಮೇಷ್ಟ್ರು

ಕನ್ನಡ ಓದುಗರಿಗೆ ಬಿ.ಜಿ.ಎಲ್. ಸ್ವಾಮಿ ಎಂದರೆ ಹಸುರು ಹೊನ್ನು, ಕಾಲೇಜು ರಂಗ ಕೃತಿಗಳ ಲೇಖಕರು, ಡಿ.ವಿ. ಗುಂಡಪ್ಪನವರ ಮಗ, ನಗಿಸುತ್ತಲೇ ಚುಚ್ಚುವ ಬರಹಗಾರ. ಸಸ್ಯಶಾಸ್ತ್ರ ಓದಿದವರಿಗೆ ಅವರು ಇನ್ನೊಂದು ಕಾರಣಕ್ಕೆ ಪರಿಚಿತರು. ಹೂವು, ಅಂಡಕ, ಭ್ರೂಣ, ಕಾಂಡಗಳ ತೆಳುವಾದ ಛೇದಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಯಾವ ಜೀವಕೋಶ ಎಲ್ಲಿದೆ, ಅದು ಯಾವುದರಿಂದ ಹುಟ್ಟಿತು ಎಂದು ಪತ್ತೆ ಮಾಡುವುದು ಅವರ ವೃತ್ತಿಜೀವನದ ಮುಖ್ಯ ಕೆಲಸವಾಗಿತ್ತು. ಕಂಡದ್ದನ್ನು ಅವರು ಆಗ ಚಾಲ್ತಿಯಲ್ಲಿದ್ದ ಮಾದರಿ ಚಿತ್ರಗಳ ಪಕ್ಕದಲ್ಲಿಟ್ಟು ಹೋಲಿಸುತ್ತಿದ್ದರು. ಹೊಂದಿದರೆ ಹೊಂದಿತು ಎಂದು, ಹೊಂದದಿದ್ದರೆ ಏಕೆ ಹೊಂದಲಿಲ್ಲ ಎಂದು ಬರೆಯುತ್ತಿದ್ದರು.

ಇಂದು ಇದೇ ಕೆಲಸ ಹೊಸ ರೂಪದಲ್ಲಿ ನಡೆಯುತ್ತಿದೆ. ಅಂಗಾಂಶದ ಚಿತ್ರದ ಮೇಲೆ ಯಾವ ಜೀನ್ ಎಲ್ಲೆಲ್ಲಿ ಕೆಲಸ ಮಾಡುತ್ತಿದೆ ಎಂದು ಗುರುತಿಸಿ, ಆ ನಕ್ಷೆಯನ್ನು ಪಟ್ಟೆ, ಉಂಗುರ, ಏರಿಳಿತ ಮುಂತಾದ ಮಾದರಿ ವಿನ್ಯಾಸಗಳೊಂದಿಗೆ ಕಂಪ್ಯೂಟರಿನಲ್ಲಿ ಹೋಲಿಸುತ್ತಾರೆ. ಈ ವಿಷಯವನ್ನು ಪ್ರೌಢಶಾಲೆಯ ಮಕ್ಕಳ ಹತ್ತಿರಕ್ಕೆ ತರಲು ಸ್ವಾಮಿಯವರ ಬದುಕು ಒಳ್ಳೆಯ ಹಾದಿ ಎಂಬುದು ಈ ಲೇಖನದ ಆಶಯ.

ಬಸವನಗುಡಿಯಿಂದ ಸೆಂಟ್ರಲ್ ಕಾಲೇಜಿಗೆ

ಬೆಂಗಳೂರು ಗುಂಡಪ್ಪ ಲಕ್ಷ್ಮೀನಾರಾಯಣ ಸ್ವಾಮಿಯವರು ಹುಟ್ಟಿದ್ದು 1918ರ ಫೆಬ್ರವರಿಯಲ್ಲಿ, ಬೆಂಗಳೂರಿನಲ್ಲಿ. ತಂದೆ ಡಿ.ವಿ.ಜಿ., ತಾಯಿ ಭಾಗೀರಥಮ್ಮ. ತಾಯಿಯನ್ನು ಅವರು ಬಾಲ್ಯದಲ್ಲೇ ಕಳೆದುಕೊಂಡರು. ಡಿ.ವಿ.ಜಿ. ಅವರು ನೆಲೆಸಿದ್ದ ಬಸವನಗುಡಿಯು 1898ರ ಪ್ಲೇಗಿನ ನಂತರ ಮಲ್ಲೇಶ್ವರದ ಜೊತೆಜೊತೆಗೆ ಬೆಳೆದ ಬಡಾವಣೆ. ಆಗಿನ ನಾಗಸಂದ್ರ ರಸ್ತೆಯನ್ನು ಇಂದು ನಾವು ಡಿ.ವಿ.ಜಿ. ರಸ್ತೆ ಎಂದು ಕರೆಯುತ್ತೇವೆ. ಪತ್ರಿಕೆ, ಸಾಹಿತ್ಯ, ಸಾರ್ವಜನಿಕ ಜೀವನ ಇವೇ ತಂದೆಯ ಲೋಕವಾಗಿದ್ದವು. ಮಗ ಹಿಡಿದದ್ದು ಗಿಡಮರಗಳ ಹಾದಿ. ಲಾಲ್‌ಬಾಗ್ ಬಸವನಗುಡಿಯಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿದೆ ಎಂಬುದನ್ನು ಇಲ್ಲಿ ನೆನೆಯಬಹುದು.

1858ರಲ್ಲಿ ಆರಂಭವಾದ ಸೆಂಟ್ರಲ್ ಕಾಲೇಜಿನಲ್ಲಿ ಅವರು ಸಸ್ಯಶಾಸ್ತ್ರ ಓದಿದರು. ಮುಂದೆ ಸಸ್ಯಗಳ ಭ್ರೂಣಶಾಸ್ತ್ರದಲ್ಲಿ ಸಂಶೋಧನೆ ಮಾಡಿ ಮೈಸೂರು ವಿಶ್ವವಿದ್ಯಾಲಯದಿಂದ ಡಿ.ಎಸ್ಸಿ. ಪದವಿ ಪಡೆದರು. ಅಧ್ಯಾಪಕರಾಗಿ ಕಂಡ ತರಗತಿ, ಪ್ರಯೋಗಾಲಯ, ಪರೀಕ್ಷೆ, ಕಚೇರಿಗಳ ಲೋಕವನ್ನು ಮುಂದೆ ಕಾಲೇಜು ರಂಗ, ಕಾಲೇಜು ತರಂಗ, ಪ್ರಾಧ್ಯಾಪಕನ ಪೀಠದಲ್ಲಿ ಮುಂತಾದ ಪುಸ್ತಕಗಳಲ್ಲಿ ಬರೆದರು. ಶಿಕ್ಷಕ ವೃತ್ತಿಗೆ ಸಿದ್ಧರಾಗುತ್ತಿರುವವರು ಈ ಪುಸ್ತಕಗಳನ್ನು ನಗಲಿಕ್ಕೆ ಮಾತ್ರವಲ್ಲ, ಎಚ್ಚರಿಕೆಗಾಗಿಯೂ ಓದಬೇಕು.

ಒಂದು ಛೇದ, ನೂರು ಛೇದ

ಸ್ವಾಮಿಯವರ ಕೆಲಸ ಅರ್ಥವಾಗಬೇಕಾದರೆ ಆ ಕಾಲದ ವಿಧಾನವನ್ನು ತಿಳಿದಿರಬೇಕು. ಎಳೆಯ ಅಂಡಕವನ್ನು ಕೊಯ್ದ ಕೂಡಲೇ ರಾಸಾಯನಿಕದಲ್ಲಿ ಹಾಕಿ ಅದರ ಸ್ಥಿತಿ ಕೆಡದಂತೆ ಮಾಡುತ್ತಾರೆ. ಅದರೊಳಗಿನ ನೀರನ್ನು ಹಂತ ಹಂತವಾಗಿ ತೆಗೆದು, ಪ್ಯಾರಾಫಿನ್ ಮೇಣದಲ್ಲಿ ಹುದುಗಿಸುತ್ತಾರೆ. ಆ ಮೇಣದ ಗಟ್ಟಿಯನ್ನು ಮೈಕ್ರೊಟೋಮ್ ಎಂಬ ಯಂತ್ರದಲ್ಲಿ ಸುಮಾರು 10 ಮೈಕ್ರೊಮೀಟರ್ ದಪ್ಪಕ್ಕೆ ಕತ್ತರಿಸಿದರೆ, ಛೇದಗಳು ಒಂದಕ್ಕೊಂದು ಅಂಟಿಕೊಂಡು ರಿಬ್ಬನ್ನಿನಂತೆ ಹೊರಬರುತ್ತವೆ. ನಂತರ ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿ, ಕಂಡದ್ದನ್ನು ಅಳತೆಗೆ ಸರಿಯಾಗಿ ಬಿಡಿಸುತ್ತಾರೆ.

1 ಮಿಲಿಮೀಟರ್ ಎಂದರೆ 1000 ಮೈಕ್ರೊಮೀಟರ್. ಹಾಗಾಗಿ 1 ಮಿಲಿಮೀಟರ್ ಉದ್ದದ ಅಂಡಕದಿಂದ ಸುಮಾರು 100 ಛೇದಗಳು ಸಿಗುತ್ತವೆ. ಒಂದೇ ಛೇದ ನೋಡಿ ತೀರ್ಮಾನಕ್ಕೆ ಬಂದರೆ ತಪ್ಪಾಗುವ ಸಂಭವ ಹೆಚ್ಚು. ಮೊಟ್ಟೆಯನ್ನು ಉದ್ದಕ್ಕೆ ಕೊಯ್ದರೆ ಒಂದು ಆಕಾರ, ಅಡ್ಡಕ್ಕೆ ಕೊಯ್ದರೆ ಇನ್ನೊಂದು ಆಕಾರ ಕಾಣುವಂತೆ, ಓರೆಯಾಗಿ ಕೊಯ್ದ ಭ್ರೂಣದಲ್ಲಿ ಪಕ್ಕದ ಕೋಶ ತುದಿಯಲ್ಲಿರುವಂತೆ ಕಾಣಬಹುದು. ಆದ್ದರಿಂದ ಸಾಲಿನ ಎಲ್ಲ ಛೇದಗಳನ್ನೂ ಅನುಕ್ರಮವಾಗಿ ನೋಡಬೇಕು. ಅದರ ಜೊತೆಗೆ ಬೇರೆ ಬೇರೆ ವಯಸ್ಸಿನ ಅಂಡಕಗಳನ್ನೂ ನೋಡಬೇಕು.

ಮಾದರಿಗೆ ಒಗ್ಗದ ಹೂಗಳು

ಪಿಯುಸಿ ಪಠ್ಯದಲ್ಲಿ ಹೂಬಿಡುವ ಸಸ್ಯದ ಭ್ರೂಣಕೋಶದ ಚಿತ್ರವಿದೆ. ಅದರಲ್ಲಿ 8 ಕೋಶಕೇಂದ್ರಗಳು, 7 ಜೀವಕೋಶಗಳು. ಪಾಲಿಗೋನಮ್ ಎಂಬ ಗಿಡದಲ್ಲಿ ಮೊದಲು ವಿವರವಾಗಿ ಕಂಡದ್ದರಿಂದ ಇದಕ್ಕೆ ಪಾಲಿಗೋನಮ್ ಮಾದರಿ ಎಂದು ಹೆಸರು. ಬಹುಪಾಲು ಹೂಗಿಡಗಳಲ್ಲಿ ಇದೇ ವಿನ್ಯಾಸವಿರುವುದರಿಂದ ಮಾದರಿಯಾಗಿ ಇದು ಉಪಯುಕ್ತ. ಆದರೆ ಎಲ್ಲ ಗಿಡಗಳೂ ಈ ಚಿತ್ರಕ್ಕೆ ಒಗ್ಗುವುದಿಲ್ಲ.

ಸ್ವಾಮಿಯವರು ವಿಶೇಷವಾಗಿ ಅಧ್ಯಯನ ಮಾಡಿದ ಆರ್ಕಿಡ್‌ಗಳು ಇಂಥ ಗುಂಪು. ಅವುಗಳ ಬೀಜ ಧೂಳಿನಷ್ಟು ಸಣ್ಣದು. ಭ್ರೂಣಕ್ಕೆ ಆಹಾರ ಒದಗಿಸುವ ಭ್ರೂಣಪೋಷ ಅವುಗಳಲ್ಲಿ ಬೆಳೆಯುವುದೇ ಇಲ್ಲ, ಇಲ್ಲವೇ ಬಹುಬೇಗ ನಿಂತುಹೋಗುತ್ತದೆ. ಭ್ರೂಣಕೋಶದ ಕೇಂದ್ರಗಳ ಸಂಖ್ಯೆಯೂ ಹಲವು ಕಡೆ 8ಕ್ಕಿಂತ ಕಡಿಮೆ. ಆರ್ಕಿಡ್ ಕುಟುಂಬದ ಭ್ರೂಣಶಾಸ್ತ್ರವನ್ನು ಕುರಿತ ಅವರ ವಿಸ್ತಾರವಾದ ಅಧ್ಯಯನ ಎರಡು ಭಾಗಗಳಲ್ಲಿ 1949ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ವಿನಾಯಿತಿಗಳನ್ನು ಪಟ್ಟಿ ಮಾಡಿ ಅವರು ಕೈಬಿಡಲಿಲ್ಲ. ಅವುಗಳನ್ನೇ ಜೋಡಿಸಿ, ಆರ್ಕಿಡ್‌ಗಳ ಒಳಗೇ ಯಾವ ಬಗೆಯ ಭ್ರೂಣಗಳಿವೆ ಎಂದು ವಿಂಗಡಿಸಿದರು. ಅಂದರೆ ಹಳೆಯ ಮಾದರಿ ಸಾಲದಾದಾಗ, ಕಂಡ ಚಿತ್ರಗಳಿಂದಲೇ ಹೊಸ ಮಾದರಿಗಳನ್ನು ಕಟ್ಟಿದರು.

ಹಾರ್ವರ್ಡ್‌ನಲ್ಲಿ

1940ರ ದಶಕದ ಕೊನೆಯಲ್ಲಿ ಸ್ವಾಮಿಯವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಇರ್ವಿಂಗ್ ಬೈಲಿಯವರ ಜೊತೆ ಕೆಲಸ ಮಾಡಿದರು. ಮರದ ಒಳರಚನೆಯ ಅಧ್ಯಯನದಲ್ಲಿ ಬೈಲಿಯವರದು ದೊಡ್ಡ ಹೆಸರು. ಆ ದಿನಗಳ ಅನುಭವವನ್ನು ಸ್ವಾಮಿಯವರು ಅಮೆರಿಕದಲ್ಲಿ ನಾನು ಎಂಬ ಪುಸ್ತಕದಲ್ಲಿ ಬರೆದಿದ್ದಾರೆ.

ಅಲ್ಲಿ ಅವರ ಗಮನ ಸೆಳೆದದ್ದು ಹೂಗಿಡಗಳ ವಿಕಾಸದಲ್ಲಿ ಬಹಳ ಹಿಂದೆಯೇ ಕವಲೊಡೆದ ಸಸ್ಯಗಳು. ಫಿಜಿ ದ್ವೀಪಗಳ ಡಿಜನೇರಿಯಾ ಎಂಬ ಮರವನ್ನು ಬೈಲಿ ಮತ್ತು ಸ್ಮಿತ್ 1942ರಲ್ಲಿ ಮೊದಲು ವಿವರಿಸಿದ್ದರು. ಅದರ ರಚನೆಯ ಮೇಲೆ ಸ್ವಾಮಿಯವರು 1949ರಲ್ಲಿ ಹೆಚ್ಚಿನ ಅಧ್ಯಯನ ಪ್ರಕಟಿಸಿದರು. ಹೂವಿನಲ್ಲಿ ಅಂಡಕಗಳನ್ನು ಒಳಗಿಟ್ಟುಕೊಳ್ಳುವ ಭಾಗಕ್ಕೆ ಕಾರ್ಪೆಲ್ ಎನ್ನುತ್ತೇವೆ. ಪಠ್ಯದ ಚಿತ್ರದಲ್ಲಿ ಅದು ಮುಚ್ಚಿದ ಹೂಜಿಯಂತೆ ಇರುತ್ತದೆ. ಡಿಜನೇರಿಯಾದಲ್ಲಿ ಅದು ನಡುವಿನ ನರದ ಗುಂಟ ಮಡಚಿದ ಎಲೆಯಂತಿದ್ದು, ಅಂಚುಗಳು ಪೂರ್ತಿ ಬೆಸೆದಿರುವುದಿಲ್ಲ. ಇಂಥ ಮಡಚಿದ ಕಾರ್ಪೆಲ್ ಮತ್ತು ಅದರಿಂದ ಮುಂದೆ ನಡೆದ ಬದಲಾವಣೆಗಳ ಬಗ್ಗೆ ಬೈಲಿ ಮತ್ತು ಸ್ವಾಮಿ 1951ರಲ್ಲಿ ಬರೆದ ಲೇಖನ ಹೂವಿನ ವಿಕಾಸ ಓದುವವರು ಇಂದಿಗೂ ಎದುರಾಗುವ ಲೇಖನ.

ಇನ್ನೊಂದು ಗಿಡ ಸಾರ್ಕಾಂಡ್ರಾ. ಹೂಗಿಡಗಳ ಕ್ಸೈಲಂನಲ್ಲಿ ನೀರು ಸಾಗಿಸುವ ತೆರೆದ ನಾಳಗಳಿರುತ್ತವೆ ಎಂಬುದು ಸಾಮಾನ್ಯ ನಿಯಮ. ಸಾರ್ಕಾಂಡ್ರಾದಲ್ಲಿ ಇಂಥ ನಾಳಗಳಿಲ್ಲ, ಟ್ರೇಕೀಡ್‌ಗಳು ಮಾತ್ರ ಇವೆ ಎಂದು ಸ್ವಾಮಿ ಮತ್ತು ಬೈಲಿ 1950ರಲ್ಲಿ ತೋರಿಸಿದರು. 1953ರಲ್ಲಿ ಆ ಕುಟುಂಬದ ಸಮಗ್ರ ಅಧ್ಯಯನ ಪ್ರಕಟಿಸಿದಾಗ, ಸಾರ್ಕಾಂಡ್ರಾದ ಒಂದು ಪ್ರಭೇದಕ್ಕೆ ಇರ್ವಿಂಗ್ ಬೈಲಿಯವರ ಹೆಸರನ್ನೂ ಅದೇ ಕುಟುಂಬದ ಆಸ್ಕರೀನಾದ ಒಂದು ಪ್ರಭೇದಕ್ಕೆ ಭಾರತದ ಭ್ರೂಣಶಾಸ್ತ್ರಜ್ಞ ಪಂಚಾನನ ಮಾಹೇಶ್ವರಿಯವರ ಹೆಸರನ್ನೂ ಇಟ್ಟರು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಸ್ವಾಮಿಯವರು ತೀರಿಕೊಂಡ ಏಳು ವರ್ಷಗಳ ನಂತರ, 1987ರಲ್ಲಿ, ಶೆರ್ವಿನ್ ಕಾರ್ಲ್‌ಕ್ವಿಸ್ಟ್ ಎಂಬ ವಿಜ್ಞಾನಿ ಸಾರ್ಕಾಂಡ್ರಾದ ಕಟ್ಟಿಗೆಯಲ್ಲಿ ನಾಳಗಳಿವೆ ಎಂದು ಪ್ರಕಟಿಸಿದರು. ಸಾಮಾನ್ಯ ನಿಯಮವನ್ನು ತಿದ್ದಿದ ಚಿತ್ರವನ್ನೇ ಇನ್ನೊಂದು ಚಿತ್ರ ತಿದ್ದಿತು. ಇದರಿಂದ ಸ್ವಾಮಿಯವರ ಗೌರವ ಕಡಿಮೆಯಾಗುವುದಿಲ್ಲ. ಅವರು ಯಾವ ಗಿಡ ನೋಡಿದರು, ಯಾವ ಭಾಗ ನೋಡಿದರು, ಏನು ಕಂಡರು ಎಂಬುದನ್ನು ಸ್ಪಷ್ಟವಾಗಿ ಬರೆದಿಟ್ಟದ್ದರಿಂದಲೇ ಮುಂದಿನವರಿಗೆ ಮತ್ತೆ ಪರೀಕ್ಷಿಸಲು ಸಾಧ್ಯವಾಯಿತು.

ಮದ್ರಾಸಿನಲ್ಲಿ ಒಂದು ಹಳೆಯ ಪ್ರಶ್ನೆ

1950ರ ದಶಕದಲ್ಲಿ ಸ್ವಾಮಿಯವರು ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು ಸೇರಿದರು. ಅಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿ, ಪ್ರಾಂಶುಪಾಲರಾಗಿ ಬಹುಕಾಲ ಇದ್ದರು. ಈ ಅವಧಿಯಲ್ಲಿ ಅವರು ಕೈಗೆತ್ತಿಕೊಂಡ ಒಂದು ಪ್ರಶ್ನೆ ನಮ್ಮ 9, 10ನೇ ತರಗತಿಯ ಪಾಠಕ್ಕೂ ಹತ್ತಿರವಾದದ್ದು.

ಅವರೆಕಾಳನ್ನು ಬಿಡಿಸಿದರೆ ಎರಡು ಬೀಜದಳಗಳು, ಅವುಗಳ ನಡುವೆ ಚಿಗುರಿನ ತುದಿ. ಜೋಳ, ಭತ್ತಗಳಂಥ ಏಕದಳ ಸಸ್ಯಗಳಲ್ಲಿ ಬೀಜದಳ ಒಂದೇ. ಹಾಗಾದರೆ ಏಕದಳ ಭ್ರೂಣದಲ್ಲಿ ತುದಿಯ ಸ್ಥಾನ ಯಾರದು? ಬಹುಕಾಲ ಒಪ್ಪಿದ್ದ ಮಾದರಿಯ ಪ್ರಕಾರ ತುದಿಯಲ್ಲಿ ಹುಟ್ಟುವುದು ಬೀಜದಳ, ಚಿಗುರಿನ ತುದಿ ಪಕ್ಕದಿಂದ ಹುಟ್ಟುತ್ತದೆ. ಬೆಳೆದ ಭ್ರೂಣವನ್ನು ನೋಡಿದರೆ ಹಾಗೆಯೇ ಕಾಣುತ್ತದೆ ಕೂಡ.

ಸ್ವಾಮಿ ಮತ್ತು ಲಕ್ಷ್ಮಣನ್ 1962ರಲ್ಲಿ ಹ್ಯಾಲೋಫಿಲಾ ಎಂಬ ಸಮುದ್ರದ ಹುಲ್ಲಿನ ಭ್ರೂಣವನ್ನು ಮೊದಲ ಕೆಲವೇ ಜೀವಕೋಶಗಳ ಹಂತದಿಂದ ನೋಡುತ್ತ ಬಂದರು. 1963ರಲ್ಲಿ ಸ್ವಾಮಿಯವರು ಕೆರೆಗಳಲ್ಲಿ ಬೆಳೆಯುವ ಒಟ್ಟೀಲಿಯಾದಲ್ಲಿ ಅದನ್ನೇ ನೋಡಿದರು. ಅವರು ಕಂಡದ್ದು ಬೇರೆ. ಬೀಜದಳ ಮತ್ತು ಚಿಗುರಿನ ತುದಿ ಎರಡೂ ಭ್ರೂಣದ ತುದಿಯ ಕೋಶದ ಸಂತತಿಯಿಂದಲೇ ಬರುತ್ತವೆ. ಮುಂದೆ ಬೀಜದಳದ ಭಾಗ ವೇಗವಾಗಿ ಬೆಳೆದು, ಚಿಗುರಿನ ಭಾಗವನ್ನು ಪಕ್ಕಕ್ಕೆ ತಳ್ಳುತ್ತದೆ. ಬೆಳೆದ ಭ್ರೂಣದ ಒಂದು ಚಿತ್ರ ಮಾತ್ರ ನೋಡಿದವರಿಗೆ ಈ ತಳ್ಳುವಿಕೆ ಕಾಣುವುದಿಲ್ಲ. ಸಾಲಾಗಿ ನೋಡಿದವರಿಗೆ ಮಾತ್ರ ಕಾಣುತ್ತದೆ. ಈ ಎಲ್ಲ ಅನುಭವ ಸೇರಿ, ಕೆ.ವಿ. ಕೃಷ್ಣಮೂರ್ತಿಯವರ ಜೊತೆ ಬರೆದ ಭ್ರೂಣಶಾಸ್ತ್ರದ ಪಠ್ಯಪುಸ್ತಕ 1980ರಲ್ಲಿ ಹೊರಬಂತು. ಸ್ವಾಮಿಯವರು ಅದೇ ವರ್ಷ ನವೆಂಬರಿನಲ್ಲಿ ತೀರಿಕೊಂಡರು.

ಬಣ್ಣದಿಂದ ಜೀನ್‌ಗೆ

ಸ್ವಾಮಿಯವರ ಕಾಲದ ಬಣ್ಣಗಳು ಕೋಶದ ಗೋಡೆ ಮತ್ತು ಕೇಂದ್ರವನ್ನು ತೋರಿಸುತ್ತಿದ್ದವು. ಆ ಕೋಶ ಮುಂದೆ ಏನಾಗಲಿದೆ ಎಂಬುದನ್ನು ಊಹಿಸಬೇಕಾಗಿತ್ತು. ಗಿಡದ ಬಹುಪಾಲು ಕೋಶಗಳಲ್ಲಿ ಇರುವ ಜೀನ್‌ಗಳು ಒಂದೇ. ಯಾವ ಜೀನ್ ಎಲ್ಲಿ ಕೆಲಸ ಮಾಡುತ್ತಿದೆ ಎಂಬುದರಿಂದ ಎಲೆ, ಬೇರು, ಚಿಗುರು ಎಂಬ ವ್ಯತ್ಯಾಸ ಬರುತ್ತದೆ. ಕೆಲಸ ಮಾಡುತ್ತಿರುವ ಜೀನ್‌ನಿಂದ ಆರ್‌ಎನ್‌ಎ ತಯಾರಾಗುತ್ತದೆ. ಅದಕ್ಕೆ ಮಾತ್ರ ಅಂಟಿಕೊಳ್ಳುವ ಗುರುತನ್ನು ಛೇದದ ಮೇಲೆ ಹಾಕಿದರೆ, ಆ ಜಾಗ ಮಾತ್ರ ಬಣ್ಣ ತಾಳುತ್ತದೆ.

ಈ ವಿಧಾನದಿಂದ ಚಿಗುರಿನ ತುದಿಯನ್ನು ಅದು ಆಕಾರ ತಾಳುವ ಮೊದಲೇ ಹುಡುಕಬಹುದು. ಮುಸುಕಿನ ಜೋಳದ ಭ್ರೂಣದಲ್ಲಿ ನಾಟೆಡ್-1 ಎಂಬ ಜೀನ್ ಚಿಗುರಿನ ತುದಿ ಹುಟ್ಟುವ ಜಾಗವನ್ನು ಒಂದು ಪಕ್ಕದಲ್ಲಿ ಗುರುತಿಸುತ್ತದೆ ಎಂದು 1995ರಲ್ಲಿ ಪ್ರಕಟವಾಯಿತು. ದ್ವಿದಳ ಸಸ್ಯವಾದ ಅರಬಿಡಾಪ್ಸಿಸ್‌ನಲ್ಲಿ ಅದೇ ಗುಂಪಿನ ಜೀನ್ ಎರಡು ಬೀಜದಳಗಳ ನಡುವೆ ಕಾಣುತ್ತದೆ ಎಂದು 1996ರಲ್ಲಿ ತಿಳಿಯಿತು. ಸ್ವಾಮಿಯವರು ಕೋಶಗಳ ಸಂತತಿಯನ್ನು ಹಿಡಿದು ಕೇಳಿದ ಪ್ರಶ್ನೆಯನ್ನು ಈಗ ಜೀನ್‌ಗಳನ್ನು ಹಿಡಿದು ಕೇಳುತ್ತಿದ್ದಾರೆ.

ಇವು ಒಂದೊಂದೇ ಜೀನ್‌ನ ಚಿತ್ರಗಳು. 2016ರಲ್ಲಿ ಸ್ವೀಡನ್ನಿನ ತಂಡವೊಂದು ಗಾಜಿನ ಮೇಲೆ ಸುಮಾರು ಒಂದು ಸಾವಿರ ಚುಕ್ಕೆಗಳನ್ನು ಜೋಡಿಸಿ, ಅದರ ಮೇಲೆ ಅಂಗಾಂಶದ ಛೇದ ಇಟ್ಟು, ಪ್ರತಿ ಚುಕ್ಕೆಯಲ್ಲಿ ಸಾವಿರಾರು ಜೀನ್‌ಗಳ ಆರ್‌ಎನ್‌ಎ ಎಷ್ಟಿದೆ ಎಂದು ಏಕಕಾಲಕ್ಕೆ ಎಣಿಸುವ ವಿಧಾನ ಪ್ರಕಟಿಸಿತು. ಪ್ರತಿ ಚುಕ್ಕೆಯ ಅಗಲ 100 ಮೈಕ್ರೊಮೀಟರ್. ಮೊದಲು ನೋಡಿದ್ದರಲ್ಲಿ ಇಲಿಯ ಮೆದುಳಿನ ವಾಸನೆ ಗ್ರಹಿಸುವ ಭಾಗ ಒಂದು. ಅದು ಈರುಳ್ಳಿಯಂತೆ ಪದರ ಪದರವಾಗಿದೆ.

ಸಾವಿರಾರು ಜೀನ್‌ಗಳಿಗೆ ಸಾವಿರಾರು ನಕ್ಷೆ ಬರುತ್ತವೆ. ಅಷ್ಟನ್ನೂ ಕಣ್ಣಿನಿಂದ ನೋಡಲಾಗದು. ಆಗ ಕೆಲವು ಮಾದರಿ ವಿನ್ಯಾಸಗಳನ್ನು ಮೊದಲೇ ಬರೆದಿಟ್ಟುಕೊಂಡು, ಪ್ರತಿ ಜೀನ್‌ನ ನಕ್ಷೆ ಯಾವುದಕ್ಕೆ ಎಷ್ಟು ಹೊಂದುತ್ತದೆ ಎಂದು ಅಂಕ ಕೊಡಬಹುದು. ಇಲ್ಲಿ ಮೂರು ಎಚ್ಚರಿಕೆಗಳು ಬೇಕು. ಮೊದಲನೆಯದು, ಹೆಚ್ಚು ಕೋಶಗಳಿರುವ ಚುಕ್ಕೆಯಲ್ಲಿ ಎಲ್ಲ ಜೀನ್‌ಗಳ ಎಣಿಕೆಯೂ ಹೆಚ್ಚಿರುತ್ತದೆ. ಆದ್ದರಿಂದ ಚುಕ್ಕೆಯ ಒಟ್ಟು ಎಣಿಕೆಗೆ ಹೋಲಿಸಿ ನೋಡಬೇಕು. ಎರಡನೆಯದು, ಆಕಸ್ಮಿಕವಾಗಿಯೂ ಹೊಂದಿಕೆ ಬರಬಹುದು. ಅದೇ ಸಂಖ್ಯೆಗಳನ್ನು ಚುಕ್ಕೆಗಳ ಮೇಲೆ ಕಲಸಿ ಹಂಚಿ, ಮತ್ತೆ ಮತ್ತೆ ಅಂಕ ಹಾಕಿ ನೋಡಬೇಕು. ಕಲಸಿದಾಗಲೂ ಅಷ್ಟೇ ಅಂಕ ಬರುತ್ತಿದ್ದರೆ ಮೊದಲಿನ ಹೊಂದಿಕೆಗೆ ಬೆಲೆಯಿಲ್ಲ. ಮೂರನೆಯದು, ಪಟ್ಟಿಯಲ್ಲಿಲ್ಲದ ವಿನ್ಯಾಸ ಬಂದರೆ ಕಂಪ್ಯೂಟರ್ ಇದ್ದುದರಲ್ಲೇ ಹತ್ತಿರದ ಮಾದರಿಗೆ ಅದನ್ನು ಸೇರಿಸಿಬಿಡಬಹುದು. ಆರ್ಕಿಡ್ ಅನ್ನು ಪಾಲಿಗೋನಮ್ ಮಾದರಿಗೆ ಸೇರಿಸಿದಂತೆ ಅದು.

ಬರೆದ ಮೇಷ್ಟ್ರು, ಬಿಡಿಸಿದ ಮೇಷ್ಟ್ರು

ಸ್ವಾಮಿಯವರು ಪ್ರಯೋಗಾಲಯದಲ್ಲೇ ಉಳಿದವರಲ್ಲ. ವಿದ್ಯಾರ್ಥಿಗಳನ್ನು ಕರೆದುಕೊಂಡು ಪಶ್ಚಿಮ ಘಟ್ಟಗಳಲ್ಲಿ ಸುತ್ತಿದ ಅನುಭವಗಳಿಂದ ಹಸುರು ಹೊನ್ನು ಹುಟ್ಟಿತು. ಅದರ ಗಿಡಗಳ ಚಿತ್ರಗಳನ್ನು ಅವರೇ ಬಿಡಿಸಿದರು. ಆ ಪುಸ್ತಕಕ್ಕೆ 1978ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಡಿ.ವಿ.ಜಿ. ಅವರಿಗೆ ಅದೇ ಪ್ರಶಸ್ತಿ 1967ರಲ್ಲಿ ಬಂದಿತ್ತು. ಆಲೂಗಡ್ಡೆ, ಮೆಣಸಿನಕಾಯಿಗಳಂಥ ತರಕಾರಿಗಳ ಮೂಲವನ್ನು ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ ಎಂಬ ಪುಸ್ತಕದಲ್ಲಿ ಹೇಳಿದರು. ಶಾಸನಗಳಲ್ಲಿ ಬರುವ ಗಿಡಮರಗಳ ಬಗ್ಗೆಯೂ ಬರೆದರು. ಕಲ್ಲಿನ ಮೇಲಿನ ಬರಹವಾಗಲಿ ಗಾಜಿನ ಮೇಲಿನ ಛೇದವಾಗಲಿ, ಆಧಾರ ಎಲ್ಲಿದೆ ಎಂದು ಕೇಳುವ ಅಭ್ಯಾಸ ಅವರದು.

ನಮ್ಮ ತರಗತಿಗೆ

ಬೋಧನಾಭ್ಯಾಸಕ್ಕೆ ಹೋದಾಗ ನನಗೆ ಕಂಡ ಒಂದು ಸಂಗತಿ ಇಲ್ಲಿ ಹೇಳಬೇಕು. ಈರುಳ್ಳಿ ಸಿಪ್ಪೆಯ ಸ್ಲೈಡ್ ನೋಡಲು ಸಾಲಾಗಿ ಬಂದ ಮಕ್ಕಳು ಸೂಕ್ಷ್ಮದರ್ಶಕದೊಳಗೆ ಕಣ್ಣಿಟ್ಟು, ಹಿಂತಿರುಗಿ ಹೋಗಿ ಪುಸ್ತಕ ತೆರೆದು ಅಲ್ಲಿನ ಚಿತ್ರವನ್ನು ರೆಕಾರ್ಡಿಗೆ ಇಳಿಸಿದರು. ಒಬ್ಬ ಹುಡುಗಿ ಮಾತ್ರ ತಾನು ಕಂಡಂತೆ, ಒಂದರ ಮೇಲೊಂದು ಬಂದ ಗೋಡೆಗಳನ್ನೂ ಒಂದು ಗಾಳಿಗುಳ್ಳೆಯನ್ನೂ ಬಿಡಿಸಿದ್ದಳು. ಅವಳ ಚಿತ್ರ ಅಂದವಾಗಿಲ್ಲ ಎಂದು ಗೆಳತಿಯರು ಹೇಳಿದಾಗ ಅದನ್ನು ಅಳಿಸಿಬಿಟ್ಟಳು. ಅಂದವಾದ, ಭಾಗಗಳನ್ನು ಗುರುತಿಸಿದ ಚಿತ್ರಕ್ಕೆ ಅಂಕ ಎಂದು ನಾವು ಹೇಳುವಾಗ, ಪುಸ್ತಕದ ಚಿತ್ರಕ್ಕೆ ಅಂಕ ಎಂದು ಮಕ್ಕಳು ಕೇಳಿಸಿಕೊಳ್ಳುತ್ತಾರೆ. ಹಾಗೆ ಕಲಿತವರು ಮುಂದೆ ಕಂಪ್ಯೂಟರ್ ಕೊಡುವ ಹೊಂದಿಕೆಯನ್ನೂ ಪ್ರಶ್ನಿಸುವುದಿಲ್ಲ.

ಪುಸ್ತಕದ ಚಿತ್ರ ಬೇಡ ಎಂದು ಇದರ ಅರ್ಥವಲ್ಲ. ಮಾದರಿ ಗೊತ್ತಿಲ್ಲದವರಿಗೆ ಸ್ಲೈಡಿನಲ್ಲಿ ಏನೂ ಕಾಣುವುದಿಲ್ಲ. ಬೇಕಾದದ್ದು ಎರಡನ್ನೂ ಅಕ್ಕಪಕ್ಕ ಇಡುವ ಅಭ್ಯಾಸ. ಅದಕ್ಕೆ ಕಡಿಮೆ ಖರ್ಚಿನ ಒಂದು ಚಟುವಟಿಕೆ ಹೀಗಿದೆ.

1. ಬಾಲ್ಸಮ್ ಎಂದು ಕರೆಯುವ ಕರ್ಣಕುಂಡಲದ ಕಾಂಡ ಮತ್ತು ಗಾಂಧಿ ಬಜಾರಿನಲ್ಲಿ ಸಿಗುವ ಸುಗಂಧರಾಜದ ಕಡ್ಡಿಯನ್ನು ಕೆಂಪು ಬಣ್ಣದ ನೀರಿನಲ್ಲಿ ಕೆಲವು ಗಂಟೆ ನಿಲ್ಲಿಸಬೇಕು. ಮೊದಲನೆಯದು ದ್ವಿದಳ, ಎರಡನೆಯದು ಏಕದಳ.

2. ಅಡ್ಡಕ್ಕೆ ತೆಳುವಾಗಿ ಕೊಯ್ದು, ಭೂತಕನ್ನಡಿಯಿಂದ ನೋಡಿ, ಬಣ್ಣ ಕಂಡ ಜಾಗಗಳನ್ನು 10 ಅಡ್ಡ, 10 ಉದ್ದ ಚೌಕಗಳ ಹಾಳೆಯಲ್ಲಿ ಗುರುತಿಸಬೇಕು. ಈ ಹಂತದಲ್ಲಿ ಪುಸ್ತಕ ಮುಚ್ಚಿರಬೇಕು.

3. ಶಿಕ್ಷಕರು ಅದೇ ಅಳತೆಯ ಪಾರದರ್ಶಕ ಹಾಳೆಯಲ್ಲಿ ಮೂರು ಮಾದರಿ ಬಿಡಿಸಿರಬೇಕು: ಉಂಗುರ, ಚದುರಿದ ಚುಕ್ಕೆಗಳು, ನಡುವೆ ಒಂದೇ ಗುಂಪು. ಒಂದೊಂದನ್ನೂ ಮಕ್ಕಳ ಹಾಳೆಯ ಮೇಲಿಟ್ಟು, 100ರಲ್ಲಿ ಎಷ್ಟು ಚೌಕಗಳು ಹೊಂದಿದವು ಎಂದು ಎಣಿಸಬೇಕು.

4. ನಂತರ 100 ಚೀಟಿಗಳನ್ನು ಮಾಡಿ, ಬಣ್ಣ ಕಂಡ ಚೌಕಗಳಷ್ಟೇ ಚೀಟಿಗಳಿಗೆ ಬಣ್ಣ ಹಚ್ಚಿ, ಕಲಸಿ, ಚೌಕಗಳಿಗೆ ಹಂಚಿ ಮತ್ತೆ ಎಣಿಸಬೇಕು. ಗುಂಪುಗಳು ಸೇರಿ 20 ಬಾರಿ ಮಾಡಿದರೆ, ನಿಜವಾದ ಕಾಂಡದ ಹೊಂದಿಕೆ ಆಕಸ್ಮಿಕವೇ ಅಲ್ಲವೇ ಎಂಬ ಅಂದಾಜು ಸಿಗುತ್ತದೆ.

ಕರ್ಣಕುಂಡಲದಲ್ಲಿ ನಾಳಗುಚ್ಛಗಳು ಉಂಗುರದಂತೆ, ಸುಗಂಧರಾಜದಲ್ಲಿ ಚದುರಿದಂತೆ ಕಾಣಬೇಕು. ಚದುರಿದ ಮಾದರಿಗೆ ಚೌಕದ ಲೆಕ್ಕದಲ್ಲಿ ಒಳ್ಳೆಯ ಹೊಂದಿಕೆ ಬರುವುದಿಲ್ಲ, ಏಕೆಂದರೆ ಎರಡು ಕಡ್ಡಿಗಳಲ್ಲಿ ಚುಕ್ಕೆಗಳು ಅದೇ ಜಾಗದಲ್ಲಿ ಬೀಳುವುದಿಲ್ಲ. ಕಣ್ಣಿಗೆ ಹೊಂದಿದಂತೆ ಕಂಡದ್ದು ಲೆಕ್ಕದಲ್ಲಿ ಏಕೆ ಹೊಂದಲಿಲ್ಲ ಎಂದು ಮಕ್ಕಳು ಕೇಳಿದರೆ ಪಾಠ ಸಫಲವಾಯಿತು ಎನ್ನಬಹುದು. ಎಣಿಸುವ ರೀತಿಯನ್ನೂ ಆರಿಸಿಕೊಳ್ಳಬೇಕು ಎಂಬುದು ಅಲ್ಲಿಂದ ಅವರಿಗೆ ತಿಳಿಯುತ್ತದೆ.

ಮೌಲ್ಯಮಾಪನಕ್ಕೆ ಒಂದು ಸಣ್ಣ ಬದಲಾವಣೆ ಸಾಕು. ರೆಕಾರ್ಡ್ ಪುಸ್ತಕದ ಪುಟವನ್ನು ಮೂರು ಭಾಗ ಮಾಡಿಸಿ, ನಾನು ಕಂಡದ್ದು, ಪುಸ್ತಕದ ಮಾದರಿ, ವ್ಯತ್ಯಾಸ ಎಂದು ಬರೆಸಬಹುದು. 5 ಅಂಕಗಳ ಚಿತ್ರದಲ್ಲಿ 2 ಅಂಕಗಳನ್ನು ಮೂರನೆಯ ಭಾಗಕ್ಕೆ ಇಟ್ಟರೆ, ಗಾಳಿಗುಳ್ಳೆಯನ್ನು ಬಿಡಿಸಿದ ಮಗು ಅದನ್ನು ಅಳಿಸುವ ಬದಲು ಅದರ ಪಕ್ಕದಲ್ಲಿ ಗಾಳಿಗುಳ್ಳೆ ಎಂದು ಬರೆಯುತ್ತದೆ.